ಸೀಮೆ, ಪರಂಗಿ, ಝಡ್‌ಝಡ್: ಹಿತ್ತಲಿಗೆ ಬಂದ ನೆಂಟರು

ಯಲಹಂಕ ನ್ಯೂ ಟೌನಿನ ಯಾವುದಾದರೂ ಬೀದಿಯಲ್ಲಿ ಸಂಜೆ ಹೊತ್ತು ಸುಮ್ಮನೆ ನಡೆದು ಹೋಗಿ. ಗೇಟಿನ ಪಕ್ಕ ಕಾಗದದ ಹೂವಿನ ಬಳ್ಳಿ, ಮೆಟ್ಟಿಲ ಮೇಲೆ ಬಣ್ಣಬಣ್ಣದ ಕ್ರೋಟನ್, ಬಾಲ್ಕನಿಯಿಂದ ಇಳಿಬಿದ್ದ ಮನಿಪ್ಲಾಂಟ್. ಮನೆ ಹೊಸದಾಗಿದ್ದರೆ ತೂತು ತೂತು ಎಲೆಯ ಮಾನ್ಸ್ಟೆರಾ, ಬಾಗಿಲ ಬಳಿ ಎಣ್ಣೆ ಸವರಿದಂತೆ ಹೊಳೆಯುವ ಝಡ್‌ಝಡ್ ಪ್ಲಾಂಟ್. "ಇದ್ಯಾವ ಗಿಡ?" ಅಂತ ಮನೆಯವರನ್ನು ಕೇಳಿ. ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಯಾವುದೋ ಶೋ ಗಿಡ, ನರ್ಸರಿಯಿಂದ ತಂದಿದ್ದು."

ಈ "ಶೋ ಗಿಡ" ಅನ್ನುವ ಮಾತೇ ಈ ಬರಹಕ್ಕೆ ಕಾರಣ. ಹೊರಗಿನಿಂದ ಬಂದ ಗಿಡಕ್ಕೆ ಹೀಗೆ ಒಂದೇ ಪದ ಬಿಸಾಕಿ ಸುಮ್ಮನಾದವರಲ್ಲ ನಮ್ಮ ಹಿರಿಯರು. ಗಿಡಮರಗಳನ್ನು ಊರಿನ ಹೆಸರಾಗಿಸಿಕೊಂಡ ಜನ ಅವರು. ಉತ್ತರ ಬೆಂಗಳೂರನ್ನೇ ನೋಡಿ. ಮತ್ತಿಕೆರೆಯಲ್ಲಿ ಮತ್ತಿ, ಜಾಲಹಳ್ಳಿಯಲ್ಲಿ ಜಾಲಿ, ಏರ್‌ಪೋರ್ಟ್ ದಾರಿಯ ಹುಣಸಮಾರನಹಳ್ಳಿಯಲ್ಲಿ ಹುಣಸೆ ಕಾಣಿಸುತ್ತವೆ. ತಮಾಷೆ ಏನಂದ್ರೆ, ಈ ಹುಣಸೆಯೇ ಮೂಲದಲ್ಲಿ ಆಫ್ರಿಕಾದ್ದು! ಆದರೆ ಬಂದು ಎಷ್ಟು ಕಾಲವಾಯಿತೆಂದರೆ, ಹುಣಸೆಹಣ್ಣಿಲ್ಲದ ಸಾರನ್ನು ನಾವು ಸಾರು ಅಂತಲೇ ಒಪ್ಪೋದಿಲ್ಲ.

ಹೊಸ ಗಿಡಕ್ಕೆ ಹೆಸರಿಡುವಾಗ ಕನ್ನಡದವರು ಮುಖ್ಯವಾಗಿ ಮೂರು ದಾರಿ ಹಿಡಿದಿದ್ದಾರೆ. ಮೊದಲನೆಯದು, ಬಂದ ದಿಕ್ಕನ್ನು ಹೇಳುವುದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಇದ್ದ ಹಾಗೆ ಸೀಮೆಹುಣಸೆ, ಸೀಮೆಬದನೆ. ಪರಂಗಿಹಣ್ಣಿನ "ಪರಂಗಿ" ಅಂದರೆ ಫರಂಗಿಯವರೇ, ಅಂದರೆ ಪೋರ್ಚುಗೀಸರು. ಮಧ್ಯ ಅಮೆರಿಕದ ಆ ಹಣ್ಣು ಭಾರತಕ್ಕೆ ಬಂದದ್ದು ಅವರ ಕಾಲದಲ್ಲಿ. ಹೆಸರಿನಲ್ಲೇ ಇತಿಹಾಸದ ಒಂದು ಪಾಠ ಉಳಿದುಬಿಟ್ಟಿದೆ ನೋಡಿ.

ಎರಡನೆಯದು, ಗೊತ್ತಿರುವ ಗಿಡಕ್ಕೆ ಹೋಲಿಸುವುದು. ಮೆಣಸಿನ ಹಾಗೆ ಖಾರ, ಆದ್ದರಿಂದ ಮೆಣಸಿನಕಾಯಿ. ಮೆಕ್ಸಿಕೋ ಕಡೆಯ ಪ್ಲುಮೇರಿಯಾ ನಮ್ಮಲ್ಲಿ ಹಾಲುಸಂಪಿಗೆ, ದೇವಕಣಗಿಲೆ. ಮುರಿದರೆ ಹಾಲು ಸುರಿಸುತ್ತೆ, ಹೂವಿಗೆ ಪರಿಮಳವಿದೆ. ಆ ಎರಡೂ ಗುಣ "ಹಾಲುಸಂಪಿಗೆ" ಅನ್ನುವ ಒಂದೇ ಪದದಲ್ಲಿವೆ. ಮೂರನೆಯದು, ದೇವರ ಹೆಸರಿಟ್ಟು ಒಳಗೆ ಕರೆದುಕೊಳ್ಳುವುದು. ಸೀತಾಫಲ, ರಾಮಫಲ ಎರಡೂ ಅಮೆರಿಕದ ಗಿಡಗಳು. ಅಲ್ಲಿಂದ ಬಂದವಕ್ಕೆ ಇಲ್ಲಿ ಸೀತಾರಾಮರ ಹೆಸರು :)

ಈ ವಿಷಯಕ್ಕೆ ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರಿಗಿಂತ ದೊಡ್ಡ ಗುರು ಇಲ್ಲ. ನಮ್ಮ ದಿನದ ಊಟದಲ್ಲಿ ಹೊರದೇಶದ ಗಿಡಗಳು ಎಷ್ಟಿವೆ ಅಂತ ತೋರಿಸಿದ ಅವರ ಪುಸ್ತಕದ ಹೆಸರೇ "ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ". "ಹಸುರು ಹೊನ್ನು" ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದದವರು ದಯವಿಟ್ಟು ಹುಡುಕಿ ಓದಿ. ಸ್ವಾಮಿಯವರದು ಹೊಟ್ಟೆಯ ಕಥೆ. ಇಲ್ಲಿ ನಾನು ಹೇಳಹೊರಟಿರುವುದು ಕುಂಡದ ಕಥೆ.

ಬೆಂಗಳೂರಿನಲ್ಲಿ ಈ ಕಥೆ ಶುರುವಾಗುವುದು ಲಾಲ್‌ಬಾಗಿನಿಂದ. 1760ರಲ್ಲಿ ಹೈದರ್ ಅಲಿ ಹಾಕಿಸಿದ ತೋಟ, ಟಿಪ್ಪು ಕಾಲದಲ್ಲಿ ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ ತೋಟ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ಇಲ್ಲಿನ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ. ಚೌಕ ಚೌಕವಾದ ಮಡಿಗಳು, ನಡುವಿನ ದಾರಿಗಳ ಅಂಚಿಗೆ ಸೈಪ್ರೆಸ್ ಮರಗಳು, ಒಂದೊಂದು ಮಡಿಗೆ ಒಂದೊಂದೇ ಜಾತಿಯ ಗಿಡ. ಅಂದರೆ ಗಿಡ ಗುರುತಿಸುವುದಕ್ಕೆ ಬೋರ್ಡಿನ ಅಗತ್ಯವೇ ಇಲ್ಲದ ಹಾಗೆ ತೋಟವನ್ನೇ ವಿಂಗಡಿಸಿದ್ದರು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಯಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡವರು ಜಾನ್ ಕ್ಯಾಮೆರಾನ್. ಗಾಜಿನ ಮನೆ ಎದ್ದಿದ್ದು ಅವರ ಕಾಲದಲ್ಲೇ. 1889ರಲ್ಲಿ ಅದರ ಅಡಿಗಲ್ಲು ಹಾಕಿದರು. ಅದಕ್ಕಿಂತ ದೊಡ್ಡ ಕೆಲಸ ಅಂತ ನನಗೆ ಅನ್ನಿಸುವುದು ಅವರು ಮಾಡಿದ ಪಟ್ಟಿ. ತೋಟದಲ್ಲೂ ಬೆಂಗಳೂರಿನ ಸುತ್ತಮುತ್ತಲೂ ಇದ್ದ ಗಿಡಗಳನ್ನು ಗುರುತಿಸಿ ಅಚ್ಚು ಹಾಕಿಸಿದ ಪಟ್ಟಿ ಅದು. ಸೀಮೆಬದನೆ ಇಲ್ಲಿ ಬೇರೂರಿದ್ದೂ ಕ್ಯಾಮೆರಾನ್ ಕಾಲದ ಲಾಲ್‌ಬಾಗಿನಿಂದಲೇ ಅನ್ನುತ್ತಾರೆ. ನಮಗೆ ಅದು ಸೀಮೆಯದು. ಆದರೆ ಪಕ್ಕದ ತೆಲುಗರಿಗೆ "ಬೆಂಗಳೂರು ವಂಕಾಯ", ತಮಿಳರಿಗೆ "ಬೆಂಗಳೂರು ಕತ್ತಿರಿಕ್ಕಾಯ್"! ಮೆಕ್ಸಿಕೋದ ಕಾಯಿ ಬೆಂಗಳೂರಿನಲ್ಲಿ ಒಂದು ನಿಲ್ದಾಣ ಮಾಡಿ ಮುಂದೆ ಹೋಗುವಾಗ ನಮ್ಮೂರಿನ ವಿಳಾಸ ಹಾಕಿಕೊಂಡು ಹೋಯಿತು. 1908ರಿಂದ 1932ರವರೆಗೆ ಕ್ರುಂಬಿಗಲ್ ಬಂದ ಮೇಲೆ ಇದೆಲ್ಲ ತೋಟದ ಗೋಡೆ ದಾಟಿ ಬೀದಿಗೆ ಬಂತು. ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಶುರುಮಾಡಬೇಕು, ಅಂಥ ಲೆಕ್ಕದಲ್ಲಿ ಸಾಲುಮರಗಳನ್ನು ಆರಿಸುವ ರೂಢಿ ಅವರಿಂದ ಬಂದದ್ದು.

ಲಾಲ್‌ಬಾಗ್ ದಕ್ಷಿಣಕ್ಕಾಯಿತು, ನಮ್ಮ ಕಡೆ ಏನಿದೆ ಅಂತೀರಾ? ಹೆಬ್ಬಾಳ ಇದೆ. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಇಲ್ಲಿ ಪ್ರಯೋಗದ ಹೊಲ ಶುರುವಾಯಿತು. 1913ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಕೃಷಿ ಶಾಲೆ ತೆರೆದರು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಜಿಕೆವಿಕೆ ಅಂತ ನಾವೆಲ್ಲ ಕರೆಯುವ ಆವರಣ ಅದರದೇ. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಅಲ್ಲಿನ ತಳಿಗಳ ಹೆಸರಿನ ಮುಂದೆ "ಅರ್ಕಾ" ಅಂತ ಇರುತ್ತಲ್ಲ, ಅದು ಹೆಸರಘಟ್ಟದ ಕೆರೆಗೆ ನೀರು ತಂದ ಅರ್ಕಾವತಿ ನದಿಯ ನೆನಪು. ಅವರ ಒಂದು ಬೆಂಡೆ ತಳಿಯ ಹೆಸರು "ಅರ್ಕಾ ಅನಾಮಿಕಾ". ಹೆಸರಿಲ್ಲದವಳು ಅಂತಲೇ ಹೆಸರು!

ಹೆಸರಿನ ಬಗ್ಗೆ ಇಷ್ಟು ಯಾಕೆ ಕೊರೆಯುತ್ತಿದ್ದೀನಿ ಅಂದ್ರೆ, ಅದರ ಉಪಯೋಗ ಏನು ಅನ್ನುವುದಕ್ಕೆ ಇದೇ ಹೆಸರಘಟ್ಟದಲ್ಲಿ ಒಂದು ಉದಾಹರಣೆ ಇದೆ.

ಬಯಲಲ್ಲೆಲ್ಲ ಹಬ್ಬಿ, ಮುಟ್ಟಿದವರಿಗೆ ನವೆ, ಕೆಲವರಿಗೆ ಉಬ್ಬಸ ತರುವ ಕಾಂಗ್ರೆಸ್ ಗಿಡ ಎಲ್ಲರಿಗೂ ಗೊತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶದ ಉದ್ದಗಲಕ್ಕೂ ಹರಡಿದ ಅಮೆರಿಕದ ಕಳೆ ಅದು. ಅದರ ನಿಜವಾದ ಗುರುತು ಪಾರ್ಥೀನಿಯಮ್. ಗುರುತು ಗೊತ್ತಾದರೆ ಹುಟ್ಟೂರು ಗೊತ್ತು. ಹುಟ್ಟೂರು ಗೊತ್ತಾದರೆ ಅಲ್ಲಿ ಅದನ್ನು ತಿನ್ನುವವರು ಯಾರು ಅಂತ ಹುಡುಕಬಹುದು. ಹೆಸರಘಟ್ಟದ ವಿಜ್ಞಾನಿಗಳು ಹಾಗೇ ಮಾಡಿದರು. 1983ರಲ್ಲಿ ಮೆಕ್ಸಿಕೋದಿಂದ ಒಂದು ಜಾತಿಯ ಜೀರುಂಡೆ ತರಿಸಿ, ಪರೀಕ್ಷಿಸಿ, ಬೆಂಗಳೂರಿನ ಬಯಲುಗಳಲ್ಲಿ ಬಿಟ್ಟರು. ಅದು ಇಲ್ಲಿ ನೆಲೆಯೂರಿ ಮಳೆಗಾಲದಲ್ಲಿ ಪಾರ್ಥೀನಿಯಮ್ ಎಲೆಗಳನ್ನು ಬೋಳಿಸಿತು. 1990ರ ದಶಕದ ಆರಂಭದಲ್ಲಿ ಆ ಹುಳು ಸೂರ್ಯಕಾಂತಿ ಎಲೆಗೂ ಬಾಯಿ ಹಾಕಿದ್ದು ಕಂಡು ದೊಡ್ಡ ಗಲಾಟೆಯಾಯಿತು. ಸೂರ್ಯಕಾಂತಿಯೂ ಪಾರ್ಥೀನಿಯಮ್ಮೂ ಒಂದೇ ಕುಟುಂಬದವು, ಎರಡರ ತವರೂ ಅಮೆರಿಕವೇ. ಗಿಡಗಳ ಸಂಬಂಧಗಳನ್ನು ಮರೆಯುವಂತಿಲ್ಲ ಅನ್ನುವುದಕ್ಕೆ ಇದೂ ಒಂದು ಪಾಠ.

ಪಾರ್ಥೀನಿಯಮ್ಮನ್ನು ಯಾರೂ ಅಂದಕ್ಕೆ ತಂದದ್ದಲ್ಲ. ಆದರೆ ಹೆಬ್ಬಾಳ ಕೆರೆಯಂಥ ಕೆರೆಗಳನ್ನು ಮತ್ತೆ ಮತ್ತೆ ಮುಚ್ಚುವ ವಾಟರ್ ಹಯಸಿಂತ್ ಇದೆಯಲ್ಲ, ಕೆಲವರು ಅಂತರಗಂಗೆ ಅಂತಲೇ ಕರೆಯುತ್ತಾರೆ, ಅದು ಅಂದದ ಗಿಡವಾಗಿಯೇ ಬಂದದ್ದು. ದಕ್ಷಿಣ ಅಮೆರಿಕದ ಈ ನೇರಳೆ ಹೂವಿಗೆ ಮನಸೋತು 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ಕಾಡನ್ನು ನುಂಗುತ್ತಿರುವ ಲಂಟಾನವೂ ಹಾಗೇ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯತೋಟಕ್ಕೆ ಬಂದ ಅಲಂಕಾರದ ಗಿಡ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಎರಡೂ "ಶೋ ಗಿಡ"ಗಳೇ! ಹಯಸಿಂತಿಗೂ ಹೆಸರಘಟ್ಟದವರು 1980ರ ದಶಕದಲ್ಲಿ ಮೂತಿ ಹುಳು ತರಿಸಿ ಬಿಟ್ಟರು, ಹಲವು ಕಡೆ ಗೆದ್ದರು ಕೂಡ. ಆದರೆ ಕೊಳಚೆ ನೀರು ಹರಿದುಬರುವ ಕೆರೆಯಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಬೆಳೆಯುತ್ತದೆ. ಆದ್ದರಿಂದ ಅಕ್ವೇರಿಯಮ್ ಗಿಡ ಬೇಡವಾದಾಗ ದಯವಿಟ್ಟು ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ. ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಸರಿ, ಗುರುತಿಸುವುದು ಹೇಗೆ? ಈಗ ಫೋನಿನಲ್ಲಿ ಫೋಟೋ ಹೊಡೆದರೆ ಹೆಸರು ಬಂದುಬಿಡುತ್ತದೆ. ಒಳ್ಳೆಯದೇ. ಆದರೆ ಎಲೆಯೊಂದನ್ನೇ ನೋಡಿ ಹೇಳಿದ ಹೆಸರನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ನಮ್ಮ ಮನಿಪ್ಲಾಂಟಿನ ಜಾತಕ ಕೇಳಿ. 1880ರಲ್ಲಿ ಯುರೋಪಿನವರು ಅದಕ್ಕೆ ಪೋಥೋಸ್ ಅಂತ ಹೆಸರಿಟ್ಟರು. ಆಮೇಲೆ ಅದು ಸಿಂಡಾಪ್ಸಸ್ ಆಯಿತು. ತೊಂದರೆ ಏನಂದರೆ ಆ ಬಳ್ಳಿ ಹೂ ಬಿಡುವುದು ಅಪರೂಪದಲ್ಲಿ ಅಪರೂಪ. ಹೂವಿಲ್ಲದೆ ಜಾತಿ ನಿರ್ಧರಿಸುವುದು ಕಷ್ಟ. 1960ರ ದಶಕದ ಆರಂಭದಲ್ಲಿ ಹೂ ಸಿಕ್ಕಿದ ಮೇಲೆ ರಾಫಿಡೋಫೋರಾ ಅಂದರು, 1964ರಲ್ಲಿ ಮತ್ತೆ ಬದಲಾಗಿ ಎಪಿಪ್ರೆಮ್ನಮ್ ಅಂತ ಆಯಿತು. ತವರು ಪೆಸಿಫಿಕ್ ಸಾಗರದ ಮೂರಿಯಾ ದ್ವೀಪ. ಹೂ ಬಿಡದಿರುವುದಕ್ಕೆ ಜಿಬ್ಬೆರೆಲಿನ್ ಅನ್ನುವ ಹಾರ್ಮೋನು ತಯಾರಿಸುವ ಒಂದು ಜೀನಿನ ದೋಷ ಕಾರಣ ಅಂತ 2016ರಲ್ಲಿ ಗೊತ್ತಾಯಿತು. ಮನೆಮನೆಯ ಬಾಟಲಿಯಲ್ಲಿ ಬೆಳೆಯುವ ಬಳ್ಳಿಗೇ ಇಷ್ಟು ಕಾಲ ಬೇಕಾಯಿತು! ಹಾಗಾಗಿ ಎಲೆಯ ಜೊತೆಗೆ ಕಾಂಡ, ಮುರಿದಾಗ ಬರುವ ಹಾಲು, ವಾಸನೆ, ಎಲೆ ಜೋಡಣೆ ಇವನ್ನೂ ನೋಡಿ. ಹೂವಿಗಾಗಿ ಕಾಯಿರಿ.

ಮುರಿದು ನೋಡಬಹುದು, ಆದರೆ ಕಚ್ಚಿ ನೋಡಬೇಡಿ. ಮನಿಪ್ಲಾಂಟ್, ಮಾನ್ಸ್ಟೆರಾ, ಡೀಫನ್‌ಬೇಕಿಯಾ, ಝಡ್‌ಝಡ್ ಎಲ್ಲವೂ ನಮ್ಮ ಕೆಸುವಿನ ಕುಟುಂಬದವು. ಕೆಸುವಿನೆಲೆ ಬಾಯಿ ತುರಿಸುತ್ತೆ ಅಂತ ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕುವ ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಅದೇ ಗುಣ, ಸೂಜಿಯಂಥ ಆಕ್ಸಲೇಟ್ ಹರಳುಗಳು, ಇವುಗಳಲ್ಲೂ ಇವೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಡೀಫನ್‌ಬೇಕಿಯಾ ನೆಲದ ಮೇಲಿಡಬಾರದು. "ಇದು ಕೆಸುವಿನ ನೆಂಟ" ಅಂದರೆ ಅಜ್ಜಿಗೆ ಬೇರೆ ಏನೂ ವಿವರಿಸಬೇಕಿಲ್ಲ. "ಶೋ ಗಿಡ" ಅಂದರೆ ಏನೂ ತಿಳಿಯುವುದಿಲ್ಲ. ಹಾಗೇ ಶಿವಪೂಜೆಗೆ ಕೀಳುವ ಹಳದಿ ಕಣಗಿಲೆಯೂ ಅಮೆರಿಕದಿಂದ ಬಂದದ್ದು, ಅದರ ಬೀಜ ಹೃದಯದ ಬಡಿತವನ್ನೇ ಕೆಡಿಸುವ ವಿಷ. ದೇವರ ತಲೆಯೇರಿದ ಮಾತ್ರಕ್ಕೆ ಮಕ್ಕಳ ಕೈಗೆ ಸಿಗುವಂತಿಲ್ಲ.

ಇನ್ನೊಂದು ವಿಚಿತ್ರ. ನೋಡಲು ಪರದೇಶದ್ದು ಅನ್ನಿಸುವ ಎಷ್ಟೋ ಗಿಡಗಳು ನಮ್ಮವೇ. ದೊಡ್ಡ ಬಂಗಲೆಗಳ ಮುಂದೆ ನೆಡುವ, ಮೀನಿನ ಬಾಲದಂಥ ಎಲೆಯ ಫಿಶ್‌ಟೇಲ್ ಪಾಮ್ ನಮ್ಮ ಮಲೆನಾಡಿನ ಬೈನೆ ಮರ. ಬೆಂಕಿ ಹತ್ತಿದಂತೆ ಅರಳುವ ಗ್ಲೋರಿಯೋಸಾ ನಮ್ಮ ಬೇಲಿಯ ಗೌರಿ ಹೂ (ಇದರ ಗೆಡ್ಡೆಯೂ ಘೋರ ವಿಷ, ಗೆಣಸೆಂದು ತಿಂದವರಿದ್ದಾರೆ, ಜೋಪಾನ). ಬಂಡೆಗಳ ಸಂದಿಯಲ್ಲಿ ಎದ್ದು ನಿಲ್ಲುವ ಕಲ್ಲುಬಾಳೆ, ಮರದ ಮೇಲೆ ಬೆಳೆಯುವ ಮರಕೆಸು, ಸೀತಾಳೆ ದಂಡೆ ಇವುಗಳ ಮುಂದೆ ಯಾವ ಮಾನ್ಸ್ಟೆರಾ ಲೆಕ್ಕ? ಕಾಡಿನಿಂದ ಕಿತ್ತು ತನ್ನಿ ಅಂತ ಹೇಳುತ್ತಿಲ್ಲ, ಅದು ತಪ್ಪು. ಬೈನೆಯೂ ಗೌರಿ ಹೂವೂ ನರ್ಸರಿಗಳಲ್ಲಿ ಸಿಗುತ್ತವೆ, ಕೇಳಬೇಕಷ್ಟೆ. ಕನ್ನಡದ ಹೆಸರು ಹಿಡಿದು ಕೇಳಿದರೆ ಇನ್ನೂ ಸಂತೋಷ.

ಒಟ್ಟಿನಲ್ಲಿ ನಾನು ಹೇಳುವುದು ಇಷ್ಟೇ. ಹೊರಗಿನದು, ಒಳಗಿನದು ಅಂತ ಗಿಡಗಳಲ್ಲಿ ಜಗಳ ಹಚ್ಚಬೇಕಾಗಿಲ್ಲ. ಹಾಗೆ ಹಚ್ಚಿದರೆ ಮೆಣಸಿನಕಾಯಿ, ಹುಣಸೆ ಎರಡನ್ನೂ ಬಿಟ್ಟು ಸಾರು ಮಾಡಬೇಕಾಗುತ್ತದೆ. ನೆಂಟರು ಯಾರು ಬಂದರೂ ಹೆಸರು, ಊರು, ಸ್ವಭಾವ ಕೇಳಿ ಒಳಗೆ ಕರೆಯುವುದು ನಮ್ಮ ರೂಢಿ. ಸೀಮೆಬದನೆಯನ್ನೂ ಪರಂಗಿಯನ್ನೂ ಹಿರಿಯರು ಹಾಗೇ ಕರೆದುಕೊಂಡರು. ನಮ್ಮ ಕಾಲದಲ್ಲಿ ಮಾತ್ರ ಹೆಸರು ಕೇಳುವುದನ್ನೇ ಬಿಟ್ಟಿದ್ದೇವೆ. ಝಡ್‌ಝಡ್‌ಗೆ ಒಂದು ಕನ್ನಡ ಹೆಸರು ಹುಟ್ಟಲೇ ಇಲ್ಲ. ಪೂರ್ವ ಆಫ್ರಿಕಾದ ಗಿಡ, ವಾರಗಟ್ಟಲೆ ನೀರಿಲ್ಲದಿದ್ದರೂ ಬದುಕುತ್ತದೆ, ಕತ್ತಲಲ್ಲೂ ಹೊಳೆಯುತ್ತದೆ. "ಸೀಮೆಕೆಸು" ಅನ್ನೋಣವೇ?

ನಿಮ್ಮ ಬಳಿ ಇದಕ್ಕಿಂತ ಒಳ್ಳೆಯ ಹೆಸರಿದ್ದರೆ ಹೇಳಿ. ನಿಮ್ಮೂರಲ್ಲಿ ಇಂಥ ಗಿಡಗಳಿಗೆ ಅಜ್ಜಿ ಅಮ್ಮಂದಿರು ಇಟ್ಟ ಹೆಸರು ಗೊತ್ತಿದ್ದರೆ ಅದನ್ನಂತೂ ತಪ್ಪದೆ ಬರೆಯಿರಿ, ಊರಿನ ಹೆಸರಿನ ಸಮೇತ. ಕ್ಯಾಮೆರಾನ್ ಒಬ್ಬರೇ ಕೂತು ಅಷ್ಟು ದೊಡ್ಡ ಪಟ್ಟಿ ಮಾಡಿದರು. ನಾವು ಇಷ್ಟು ಜನ ಇದ್ದೀವಿ.