ಗಾಳಿ ತುಂಬುವ ಲೈಫ್ ಜಾಕೆಟ್‌ಗಳ ತಪಾಸಣೆ ಮತ್ತು ನಿರ್ವಹಣೆ

(ದೋಣಿವಿಹಾರ ನಡೆಸಲು ಅನುಮತಿ ಕೋರುವ ಅರ್ಜಿದಾರರು, ದೋಣಿ ಮಾಲೀಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಉಗಮವಾಗುವ ಭದ್ರಾ ನದಿಯು ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಜಲಾಶಯವನ್ನು ಸೇರುತ್ತದೆ. ನದಿಯ ಮೇಲ್ಭಾಗದಲ್ಲಿ ಮಳೆಗಾಲದ ರ‍್ಯಾಫ್ಟಿಂಗ್ ಮತ್ತು ಜಲಾಶಯದಲ್ಲಿ ದೋಣಿವಿಹಾರ ನಡೆಯುತ್ತವೆ. ಇವೆರಡಕ್ಕೂ ಒಂದೇ ಬಗೆಯ ಲೈಫ್ ಜಾಕೆಟ್ ಸೂಕ್ತವಲ್ಲ.

ಆಯ್ಕೆ

ಫೋಮ್ ಜಾಕೆಟ್ ತಾನಾಗಿಯೇ ತೇಲುತ್ತದೆ. ಗಾಳಿ ತುಂಬುವ ಜಾಕೆಟ್ ಅನಿಲ ತುಂಬಿದ ನಂತರವಷ್ಟೇ ತೇಲುತ್ತದೆ. ಅಲ್ಲಿಯವರೆಗೆ ಅದು ಕೇವಲ ಬಟ್ಟೆ. ಬಂಡೆಗಳಿರುವ ರಭಸದ ನೀರಿನಲ್ಲಿ ಹಾಗೂ ಮಕ್ಕಳಿಗೆ ಮತ್ತು ಈಜು ಬಾರದವರಿಗೆ ಫೋಮ್ ಜಾಕೆಟ್ ಅನ್ನೇ ಒದಗಿಸತಕ್ಕದ್ದು.

ಮಲೆನಾಡಿನ ತೇವಾಂಶ

ಸ್ವಯಂಚಾಲಿತ ಜಾಕೆಟ್‌ಗಳಲ್ಲಿ ಸಾಮಾನ್ಯವಾಗಿ ನೀರಿನಲ್ಲಿ ಕರಗುವ ಮಾತ್ರೆ ಇರುತ್ತದೆ. ಅದು ಕರಗಿದಾಗ ಸೂಜಿಯು ಇಂಗಾಲದ ಡೈಆಕ್ಸೈಡ್ ಸಿಲಿಂಡರ್‌ಗೆ ರಂಧ್ರ ಮಾಡಿ ಅನಿಲವನ್ನು ಬಿಡುಗಡೆಗೊಳಿಸುತ್ತದೆ. ಮಳೆಗಾಲದಲ್ಲಿ ಮುಚ್ಚಿದ ಗೋದಾಮಿನ ತೇವದಿಂದಲೂ ಈ ಮಾತ್ರೆ ಕರಗಬಹುದು. ಸಿಲಿಂಡರ್‌ಗೆ ತುಕ್ಕು ಹಿಡಿಯಬಹುದು. ಒಮ್ಮೆ ಬಳಕೆಯಾದ ಸಿಲಿಂಡರ್ ಅನ್ನು ಬದಲಿಸದೆ ಮಡಚಿಟ್ಟ ಜಾಕೆಟ್ ಹೊರನೋಟಕ್ಕೆ ಹೊಸದರಂತೆಯೇ ಕಾಣುತ್ತದೆ. ಆದುದರಿಂದ ತಪಾಸಣೆ ಅತ್ಯಗತ್ಯ.

ಪ್ರತಿ ಬಾರಿ ಧರಿಸುವ ಮುನ್ನ

1. ಬಟ್ಟೆ, ಹೊಲಿಗೆ, ಪಟ್ಟಿ ಮತ್ತು ಬಕಲ್‌ಗಳು ಸುಸ್ಥಿತಿಯಲ್ಲಿವೆಯೇ ಎಂದು ನೋಡಬೇಕು.
2. ಸಿಲಿಂಡರ್ ಅನ್ನು ಕೈಯಿಂದ ಬಿಗಿಯಾಗಿ ತಿರುಗಿಸಿರಬೇಕು. ಸೂಚಕವಿದ್ದಲ್ಲಿ ಅದು ಹಸಿರು ಬಣ್ಣ ತೋರಿಸಬೇಕು.
3. ಎಳೆಯುವ ದಾರ ಕೈಗೆ ಸಿಗುವಂತಿರಬೇಕು.
4. ಮಳೆಯಂಗಿಯ ಮೇಲೆ ಜಾಕೆಟ್ ಧರಿಸಬೇಕೇ ಹೊರತು ಒಳಗಲ್ಲ.

ನಿಯತಕಾಲಿಕ ತಪಾಸಣೆ

1. ಸಿಲಿಂಡರ್ ಅನ್ನು ಬಿಚ್ಚಿ ತೂಗಬೇಕು. ಅದರ ಮೇಲೆ ಅಚ್ಚೊತ್ತಿದ ಕನಿಷ್ಠ ತೂಕಕ್ಕಿಂತ ಕಡಿಮೆಯಿದ್ದಲ್ಲಿ, ಮುಚ್ಚಳದಲ್ಲಿ ರಂಧ್ರವಿದ್ದಲ್ಲಿ ಅಥವಾ ತುಕ್ಕು ಕಂಡುಬಂದಲ್ಲಿ ಹೊಸದನ್ನು ಅಳವಡಿಸಬೇಕು.
2. ಸಿಲಿಂಡರ್ ಅನ್ನು ಬೇರೆಯಾಗಿಯೇ ಇರಿಸಿ, ನಳಿಕೆಯ ಮೂಲಕ ಬಾಯಿಯಿಂದ ಗಾಳಿ ತುಂಬಿ 24 ಗಂಟೆ ಬಿಡಬೇಕು. ಜಾಕೆಟ್ ಸಡಿಲಗೊಂಡಲ್ಲಿ ಸೋರಿಕೆಯಿದೆ ಎಂದರ್ಥ. ತಾಪಮಾನ ಹೆಚ್ಚು ಏರಿಳಿಯದ ಕೊಠಡಿಯಲ್ಲಿ ಈ ಪರೀಕ್ಷೆ ನಡೆಸಬೇಕು.
3. ಮಾತ್ರೆ ಅಥವಾ ಸ್ವಯಂಚಾಲಿತ ಭಾಗದ ಮೇಲೆ ನಮೂದಿಸಿದ ಅವಧಿ ಮುಗಿದಿದ್ದಲ್ಲಿ ಬದಲಿಸಬೇಕು. ತಯಾರಕರು ಸೂಚಿಸಿದ ಬಿಡಿಭಾಗಗಳನ್ನು ಮಾತ್ರ ಬಳಸಬೇಕು.
4. ತಯಾರಕರು ಸೂಚಿಸಿದ ಅವಧಿಗೊಮ್ಮೆ ಸರ್ವಿಸ್ ಮಾಡಿಸಿ, ದಿನಾಂಕವನ್ನು ವಹಿಯಲ್ಲಿ ದಾಖಲಿಸಬೇಕು.

ಶೇಖರಣೆ

ಜಾಕೆಟ್ ಅನ್ನು ನೆರಳಿನಲ್ಲಿ ಪೂರ್ಣವಾಗಿ ಒಣಗಿಸಿ, ಗಾಳಿಯಾಡುವ ಸ್ಥಳದಲ್ಲಿ ತೂಗುಹಾಕಬೇಕು. ಒಲೆಯ ಶಾಖಕ್ಕೆ ಒಡ್ಡಬಾರದು. ಒದ್ದೆ ಜಾಕೆಟ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು.

ದೋಷ ಕಂಡುಬಂದ ಜಾಕೆಟ್ ಅನ್ನು ಕೂಡಲೇ ಬೇರ್ಪಡಿಸಿ, ದುರಸ್ತಿಯಾಗುವವರೆಗೆ ಯಾರಿಗೂ ನೀಡತಕ್ಕದ್ದಲ್ಲ. ತಮಗೆ ನೀಡಿದ ಜಾಕೆಟ್‌ನ ಸಿಲಿಂಡರ್ ತೋರಿಸುವಂತೆ ದೋಣಿಯನ್ನೇರುವ ಮುನ್ನವೇ ಕೇಳಲು ಸಾರ್ವಜನಿಕರು ಹಿಂಜರಿಯಬಾರದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.