ಅಜ್ಜಿಯ ಹಾಡು ಮತ್ತು ಸಿಗದ ಕೇಬಲ್: ಮೊಬೈಲ್–ಕಂಪ್ಯೂಟರ್ ನಂಟಿನ ಕಥೆ

ನಮ್ಮಜ್ಜಿ ಸೋಬಾನೆ ಪದ ಹೇಳುತ್ತಿದ್ದರು. 2007ರಲ್ಲಿ ಅತ್ತೆಯ ಮಗಳ ಮದುವೆ ಚಪ್ಪರದಲ್ಲಿ ಅಪ್ಪ ತಮ್ಮ ಕೀಪ್ಯಾಡ್ ಮೊಬೈಲಿನಲ್ಲಿ ಒಂದು ಪದ ರೆಕಾರ್ಡ್ ಮಾಡಿಕೊಂಡಿದ್ದರು. ನಾಲ್ಕು ನಿಮಿಷದ್ದು. ಈಗ ಅಜ್ಜಿ ಇಲ್ಲ. ಹೋದ ವರ್ಷ ಟ್ರಂಕಿನಿಂದ ಆ ಮೊಬೈಲ್ ತೆಗೆದೆವು. ಹೇಗೋ ಒಂದು ಬ್ಯಾಟರಿ ಸಿಕ್ಕಿತು, ಮೊಬೈಲ್ ಆನ್ ಆಯಿತು, ಅಜ್ಜಿಯ ದನಿಯೂ ಕೇಳಿಸಿತು. ಆದರೆ ಅದನ್ನು ಹೊರಗೆ ತೆಗೆಯುವುದು ಹೇಗೆ? ಅದರಲ್ಲಿ ಮೆಮೊರಿ ಕಾರ್ಡ್ ಇಲ್ಲ, ಬ್ಲೂಟೂತ್ ಇಲ್ಲ. ಇನ್ನೊಂದು ಮೊಬೈಲ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ ನೋಡಿದೆವು, ಗೊರಗೊರ ಸದ್ದೇ ಹೆಚ್ಚಾಯಿತು. ಕೆಳಗಡೆ ಒಂದು ಅಗಲ ಬಾಯಿ ಇತ್ತು. ಅದಕ್ಕೆ ಹೊಂದುವ ಕೇಬಲ್ ನಮ್ಮೂರ ಸುತ್ತಿನ ಯಾವ ಅಂಗಡಿಯಲ್ಲೂ ಇರಲಿಲ್ಲ.

ಮೊಬೈಲ್ ನಮ್ಮದು, ಹಾಡು ಅಜ್ಜಿಯದು, ಬೀಗ ಮಾತ್ರ ಕಂಪನಿಯದು. ಇವತ್ತು ಒಂದೇ ವೈರು ಮನೆಮಂದಿಯ ಮೊಬೈಲಿಗೆಲ್ಲ ಆಗುತ್ತದೆ. ಈ ಸ್ಥಿತಿಗೆ ಬರಲು ಸುಮಾರು ಮೂವತ್ತು ವರ್ಷ ಹಿಡಿದಿದೆ.

ಒಂದೊಂದಕ್ಕೂ ಒಂದೊಂದು ಬಾಯಿ

1990ರ ದಶಕದ ಕಂಪ್ಯೂಟರಿನ ಹಿಂಬದಿ ನೋಡಿದವರಿಗೆ ನೆನಪಿರಬಹುದು. ಕೀಬೋರ್ಡಿಗೆ ಒಂದು ದುಂಡನೆ ತೂತು, ಪ್ರಿಂಟರಿಗೆ 25 ಪಿನ್ನಿನ ಉದ್ದನೆ ಬಾಯಿ, ಮೋಡೆಮ್ಮಿಗೆ 9 ಪಿನ್ನಿನ ಸೀರಿಯಲ್ ಪೋರ್ಟ್. ಹೊಸದೇನಾದರೂ ಜೋಡಿಸಿದರೆ ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಬೇಕಿತ್ತು. ಆ ಕಾಲದ ಮೊಬೈಲ್‌ಗಳನ್ನೂ ಈ ಸೀರಿಯಲ್ ಪೋರ್ಟಿಗೇ ಸಿಕ್ಕಿಸುತ್ತಿದ್ದರು.

ಈ ಗೋಜಲು ಬಿಡಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಸೇರಿ ಏಳು ಕಂಪನಿಗಳು ಒಟ್ಟಾದವು. 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂತು. ಇಂಟೆಲ್‌ನಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರು ಅಜಯ್ ಭಟ್. ಗುಜರಾತಿನ ವಡೋದರದಲ್ಲಿ ಓದಿ ಅಮೆರಿಕಕ್ಕೆ ಹೋದ ಎಂಜಿನಿಯರ್. ಯುಎಸ್‌ಬಿ ಬಳಸುವವರಿಂದ ಇಂಟೆಲ್ ರಾಯಧನ ಕೇಳಲಿಲ್ಲ. ಹಾಗಾಗಿ ಅದು ಬೇಗ ಎಲ್ಲೆಡೆ ಹರಡಿತು.

ಯುಎಸ್‌ಬಿ ಪಿನ್ನು ಮೊದಲ ಸಲಕ್ಕೆ ಸರಿಯಾಗಿ ಹೋಗುವುದೇ ಇಲ್ಲ, ತಿರುಗಿಸಿ ಹಾಕಬೇಕು ಅಂತ ನಾವೆಲ್ಲ ಬೈದುಕೊಂಡಿದ್ದೇವಲ್ಲ, ಅದಕ್ಕೂ ಭಟ್ ಅವರೇ ಕಾರಣ ಹೇಳಿದ್ದಾರೆ. ಎರಡೂ ಕಡೆಯಿಂದ ಹೋಗುವಂತೆ ಮಾಡಿದರೆ ತಂತಿಗಳು ದುಪ್ಪಟ್ಟಾಗಿ ಖರ್ಚು ಏರುತ್ತಿತ್ತಂತೆ. ಹೊಸ ವಸ್ತು ಅಗ್ಗವಾಗಿರದಿದ್ದರೆ ಯಾರು ಒಪ್ಪುತ್ತಾರೆ?

ಯುಎಸ್‌ಬಿ ಕೇಬಲಿನ ಒಳಗೆ ನಾಲ್ಕು ತಂತಿ. ಕೆಂಪು ಮತ್ತು ಕಪ್ಪು ಕರೆಂಟಿಗೆ, ಹಸಿರು ಮತ್ತು ಬಿಳಿ ಮಾಹಿತಿಗೆ. ಚಾರ್ಜಿಂಗೂ ಫೈಲ್ ಸಾಗಣೆಯೂ ಒಂದೇ ವೈರಿನಲ್ಲಿ ಆಗುವುದು ಹೀಗೆ.

ಮೊಬೈಲ್ ಕಂಪನಿಗಳ ಹಟ

ಕಂಪ್ಯೂಟರಿನ ಕಡೆ ಬಾಯಿ ಒಂದಾಯಿತು. ಮೊಬೈಲಿನ ಕಡೆ ಆಗಲಿಲ್ಲ. ನೋಕಿಯಾ ಪಾಪ್-ಪೋರ್ಟ್ ತಂದಿತು, ಸೋನಿ ಎರಿಕ್ಸನ್ ಫಾಸ್ಟ್-ಪೋರ್ಟ್ ತಂದಿತು, ಸ್ಯಾಮ್‌ಸಂಗ್, ಎಲ್‌ಜಿಗಳದ್ದು ಬೇರೆಯೇ. ಮೊಬೈಲ್ ಜೊತೆ ಕೇಬಲ್, ಇಯರ್‌ಫೋನ್, ಚಾರ್ಜರ್ ಮಾರುವುದೂ ಒಂದು ವ್ಯಾಪಾರ. ಕೇಬಲ್ ಸಿಕ್ಕರೂ ಸಾಲದು, ಕಂಪ್ಯೂಟರಿಗೆ ಆ ಮೊಬೈಲಿನ ಭಾಷೆ ತಿಳಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ಸಿಡಿಯಿಂದ ಹಾಕಬೇಕಿತ್ತು. ಸಿಡಿ ಕಳೆದರೆ ಕೇಬಲ್ ಇದ್ದೂ ಇಲ್ಲದಂತೆ.

ಈ ಹಟವನ್ನು ನಮ್ಮ ಹಳ್ಳಿಗಳು ದಾಟಿದ್ದು ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಿಂದ. ಸಂತೆಯ ದಿನ ಮೊಬೈಲ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದದ್ದು ನೆನಪಿದೆಯಾ? ಕಾರ್ಡ್ ಬಿಚ್ಚಿ ಕೊಟ್ಟರೆ ಅಂಗಡಿಯವ ಕಾರ್ಡ್ ರೀಡರಿಗೆ ಸಿಕ್ಕಿಸಿ ರಾಜ್‌ಕುಮಾರ್ ಹಾಡು, ಭಜನೆ, ಹೊಸ ಸಿನಿಮಾ ಹಾಡು ಕೇಳಿದಷ್ಟು ಹಾಕಿಕೊಡುತ್ತಿದ್ದ. 'ಹಾಡು ಹಾಕಿಸೋದು' ಎಂಬ ಮಾತೇ ಹಾಗೆ ಹುಟ್ಟಿತು. ಇಂಟರ್‌ನೆಟ್ ಇಲ್ಲದ ಊರಿಗೆ ಇಂಟರ್‌ನೆಟ್ ತಲುಪಿದ್ದು ಹೀಗೆ.

ವೈರಿಲ್ಲದ ದಾರಿ

ವೈರೇ ಬೇಡ ಎಂಬ ಯೋಚನೆಯೂ ಹಳೆಯದೇ. ಮೊದಲು ಬಂದದ್ದು ಇನ್‌ಫ್ರಾರೆಡ್. ನಮ್ಮ ಟಿವಿ ರಿಮೋಟಿನಲ್ಲಿರುವ ಕಣ್ಣಿಗೆ ಕಾಣದ ಬೆಳಕೇ ಅದು. ಎರಡು ಮೊಬೈಲ್‌ಗಳನ್ನು ಎದುರುಬದುರು ಇಟ್ಟು ಅಲುಗಾಡದಂತೆ ಕಾಯಬೇಕು. ನಡುವೆ ಕೈ ಬಂದರೆ ಮುಗಿಯಿತು, ಮತ್ತೆ ಮೊದಲಿನಿಂದ.

ಬ್ಲೂಟೂತಿನ ಕೆಲಸ ಶುರುವಾದದ್ದು 1994ರಲ್ಲಿ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. ವೈರಿನ ಬದಲು ರೇಡಿಯೋ ಅಲೆ ಬಳಸಬೇಕೆಂಬುದು ಉದ್ದೇಶ. ನೆದರ್ಲೆಂಡ್ಸಿನ ಯಾಪ್ ಹಾರ್ಟ್‌ಸೆನ್ ಅದರ ಮುಖ್ಯ ಎಂಜಿನಿಯರ್. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಒಂದಾಗಿ ಕೂಟ ಕಟ್ಟಿದವು. ಹೆಸರು ಬಂದದ್ದು ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡ್ ಬ್ಲೂಟೂತ್‌ನಿಂದ. ಒಡೆದು ಹೋಗಿದ್ದ ಸೀಮೆಗಳನ್ನು ಒಂದುಗೂಡಿಸಿದ ರಾಜ ಅವನು. ನಿಮ್ಮ ಮೊಬೈಲಿನ ಬ್ಲೂಟೂತ್ ಗುರುತು ಹಳೆಯ ರೂನ್ ಲಿಪಿಯಲ್ಲಿ ಅವನ ಹೆಸರಿನ ಎರಡು ಅಕ್ಷರಗಳನ್ನು ಕೂಡಿಸಿ ಮಾಡಿದ್ದು.

ಬ್ಲೂಟೂತ್ ನಿಧಾನ. ಹಾಡಿಗೆ ಸರಿ, ಸಿನಿಮಾಕ್ಕೆ ಆಗದು. 2010ರಲ್ಲಿ ಬಂದ ವೈ-ಫೈ ಡೈರೆಕ್ಟ್ ಆ ಕೊರತೆ ನೀಗಿಸಿತು. ಶೇರ್‌ಇಟ್, ಕ್ಸೆಂಡರ್ ಹಳ್ಳಿ ಹುಡುಗರ ಬಾಯಲ್ಲಿ ಮನೆಮಾತಾದವು. ಎರಡೂ ಚೀನಾ ಮೂಲದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅವೂ ಇದ್ದವು. ಅದೇ ಆಗಸ್ಟಿನಲ್ಲಿ ಗೂಗಲ್ ನಿಯರ್‌ಬೈ ಶೇರ್ ತಂದಿತು. ಈಗ ಅದರ ಹೆಸರು ಕ್ವಿಕ್ ಶೇರ್. ಹೆಚ್ಚಿನ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಮೊದಲೇ ಇರುತ್ತದೆ, ವಿಂಡೋಸ್ ಕಂಪ್ಯೂಟರಿಗೂ ಸಿಗುತ್ತದೆ.

ಸರ್ಕಾರಗಳು ಕೈಹಾಕಿದಾಗ

2009ರ ಹೊತ್ತಿಗೆ ಯುರೋಪಿನಲ್ಲಿ 30ಕ್ಕೂ ಹೆಚ್ಚು ಬಗೆಯ ಮೊಬೈಲ್ ಚಾರ್ಜರ್‌ಗಳಿದ್ದವು. ಮೊಬೈಲ್ ಬದಲಾದಾಗಲೆಲ್ಲ ಹಳೆಯದು ಕಸಕ್ಕೆ. ಯುರೋಪಿನ ಆಯೋಗ ಕಂಪನಿಗಳನ್ನು ಕೂರಿಸಿ ಮೈಕ್ರೋ-ಯುಎಸ್‌ಬಿಗೆ ಒಪ್ಪಿಸಿತು. ಆದರೆ ಅದು ಒಪ್ಪಂದವಷ್ಟೇ, ಕಾನೂನಲ್ಲ. ಆ್ಯಪಲ್ 2012ರಲ್ಲಿ ತನ್ನದೇ ಲೈಟ್ನಿಂಗ್ ಬಾಯಿ ತಂದಿತು.

2014ರಲ್ಲಿ ಟೈಪ್-ಸಿ ಬಂತು. ಒಳಗೆ 24 ಪಿನ್, ಯಾವ ಕಡೆಯಿಂದ ಹಾಕಿದರೂ ಹೋಗುತ್ತದೆ. ಅಜಯ್ ಭಟ್ ಅವತ್ತು ಖರ್ಚಿನ ಕಾರಣಕ್ಕೆ ಬಿಟ್ಟದ್ದು ಕೊನೆಗೂ ಆಯಿತು. 2022ರಲ್ಲಿ ಯುರೋಪ್ ಈ ಸಲ ಕಾನೂನನ್ನೇ ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಮೊಬೈಲ್‌ಗಳಿಗೆಲ್ಲ ಟೈಪ್-ಸಿ ಕಡ್ಡಾಯ. ಅದಕ್ಕೂ ಮೊದಲೇ, 2023ರಲ್ಲಿ, ಐಫೋನ್ 15 ಟೈಪ್-ಸಿಗೆ ಬದಲಾಯಿತು. ನಮ್ಮ ಬಿಐಎಸ್ ಕೂಡ 2023ರ ಜನವರಿಯಲ್ಲಿ ಟೈಪ್-ಸಿ ಮಾನದಂಡ ಪ್ರಕಟಿಸಿತು.

ಕೇಬಲ್ ಸಿಕ್ಕಿಸಿದರೂ ಏನೂ ಕಾಣದಿದ್ದರೆ

ಮೊದಲೆಲ್ಲ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿದರೆ ಪೆನ್ ಡ್ರೈವಿನಂತೆ ತೆರೆದುಕೊಳ್ಳುತ್ತಿತ್ತು. ಕಣಜದ ಬೀಗದಕೈಯನ್ನೇ ಕಂಪ್ಯೂಟರಿಗೆ ಕೊಟ್ಟಂತೆ. ಆ ಹೊತ್ತಿನಲ್ಲಿ ಮೊಬೈಲಿಗೇ ತನ್ನ ಕಾರ್ಡ್ ಸಿಗುತ್ತಿರಲಿಲ್ಲ. 2011ರ ಸುಮಾರಿಗೆ ಆಂಡ್ರಾಯ್ಡ್ ಎಂಟಿಪಿ ಎಂಬ ವಿಧಾನಕ್ಕೆ ಬದಲಾಯಿತು. ಈಗ ಮೊಬೈಲ್ ಕಣಜದ ಬಾಗಿಲಲ್ಲಿ ತಾನೇ ನಿಂತು, ಕೇಳಿದ ಫೈಲನ್ನು ಎತ್ತಿಕೊಡುತ್ತದೆ. 2015ರ ಆಂಡ್ರಾಯ್ಡ್ 6ರಿಂದ ನೀವು ಹೇಳುವವರೆಗೂ ಬರೀ ಚಾರ್ಜ್ ಆಗುತ್ತದೆ. ಕೇಬಲ್ ಸಿಕ್ಕಿಸಿದಾಗ ಮೇಲಿನಿಂದ ಇಳಿಯುವ ಸೂಚನೆ ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಿದರೆ ಮಾತ್ರ ಫೋಟೋ ಕಾಣುವುದು.

ಆಗಲೂ ಕಾಣದಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಹಸಿರು, ಬಿಳಿ ತಂತಿಗಳೇ ಇರುವುದಿಲ್ಲ.

ಬಸ್ ಸ್ಟ್ಯಾಂಡಿನಲ್ಲೋ ಗುರುತಿಲ್ಲದ ಕಡೆಯೋ ಯುಎಸ್‌ಬಿ ಬಾಯಿಗೆ ಮೊಬೈಲ್ ಸಿಕ್ಕಿಸಿದಾಗ ಅನುಮತಿ ಕೇಳಿದರೆ ಮಾತ್ರ ಒತ್ತಬೇಡಿ. ಚಾರ್ಜಿಂಗ್ ನೆಪದಲ್ಲಿ ಮಾಹಿತಿ ಕದಿಯುವುದರ ಬಗ್ಗೆ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ.

ಹಾಡು ಹೊರಬಂತು

ನಮ್ಮ ಹುಡುಕಾಟ ಮುಗಿದದ್ದು ತಾಲ್ಲೂಕು ಕೇಂದ್ರದ ಒಂದು ರಿಪೇರಿ ಅಂಗಡಿಯಲ್ಲಿ. ಅಂಗಡಿಯಣ್ಣ ಗೋಣಿಚೀಲದ ತುಂಬ ಹಳೇ ಕೇಬಲ್ ಇಟ್ಟಿದ್ದರು. ಅರ್ಧ ಗಂಟೆ ತಡಕಿದ ಮೇಲೆ ಅಗಲ ಬಾಯಿಯ ಒಂದು ಸಿಕ್ಕಿತು. ಹೊಸ ಕಂಪ್ಯೂಟರ್ ಆ ಮೊಬೈಲನ್ನು ಗುರುತಿಸಲಿಲ್ಲ. ಹಿಂದೆ ಮೂಲೆಯಲ್ಲಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನು ಧೂಳು ಒರೆಸಿ ಆನ್ ಮಾಡಿದರು. ಅದರಲ್ಲಿ ಹಳೇ ಡ್ರೈವರ್ ಇನ್ನೂ ಇತ್ತು. ನಾಲ್ಕು ನಿಮಿಷದ ಹಾಡು ಒಂದು ಕ್ಷಣದಲ್ಲಿ ಕಾಪಿ ಆಯಿತು. 'ಎಷ್ಟಾಯ್ತಣ್ಣ?' ಅಂತ ಅಪ್ಪ ಕೇಳಿದರೆ, 'ಇನ್ನೊಂದ್ ಸಲ ಹಾಕಿ, ಕೇಳಣ' ಅಂದರು.

ಅಂಥ ಗೋಣಿಚೀಲ ಎಲ್ಲ ಊರಲ್ಲೂ ಇರುವುದಿಲ್ಲ. ಕೀಪ್ಯಾಡ್ ಮೊಬೈಲ್ ಮೂಲೆಗೆ ಎಸೆದಿದ್ದರೆ ಒಮ್ಮೆ ಹೊರತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕದೆ ಅಂಗಡಿಗೆ ಒಯ್ಯಿರಿ. ಈಗಿನ ಮೊಬೈಲಿನಲ್ಲಿರುವ ಮಕ್ಕಳ ಫೋಟೋ, ಹಿರಿಯರ ದನಿ, ಪಹಣಿಯ ಚಿತ್ರಗಳನ್ನು ವರ್ಷಕ್ಕೆರಡು ಸಲವಾದರೂ ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಇಳಿಸಿಕೊಳ್ಳಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಓದುವ ಹುಡುಗರದ್ದೋ ಊರಿನ ಕಂಪ್ಯೂಟರ್ ಸೆಂಟರಿನದ್ದೋ ಆದೀತು, ಪಕ್ಕದಲ್ಲೇ ಕೂತು ಮಾಡಿಸಿ. ಈಗ ಕೇಬಲ್ ಸಿಗದ ಕಾಲವಲ್ಲ, ನಿಮ್ಮ ಚಾರ್ಜರಿನ ವೈರೇ ಸಾಕಾಗಬಹುದು.