ಹಾರದ ಚಿಗರಿ, ಬಿಲ್ಲು ಮತ್ತು ಬೇಲಿ

ನಮ್ಮ ರಾಣೆಬೆನ್ನೂರು ಕಡೆ ಚಿಗರಿ ಅಂದ್ರೆ ಹಾರೋದು ಅಂತಾನೇ ಅರ್ಥ. ಹೋದ ವರ್ಷ ಗೋವಿನಜೋಳದ ಸುತ್ತ ಐದೆಳೆ ಮುಳ್ಳುತಂತಿ ಎಳೆಸಿದೆ. ಮೂರನೇ ದಿನಕ್ಕೇ ಒಳಗೆ ಹೆಜ್ಜೆ! ಬ್ಯಾಸರದಿಂದ ಮೊಬೈಲಿನಲ್ಲಿ ಚಿಗರಿ, ಬೇಲಿ ಅಂತ ಹುಡುಕ್ತಾ ಕೂತವನು ಅಮೆರಿಕದ ವಯೋಮಿಂಗ್ ಬಯಲಿಗೆ ಹೋಗಿ ಮುಟ್ಟಿದೆ. ಅಲ್ಲಿನ ಪ್ರಾಣಿಗೆ ಪ್ರಾಂಗ್‌ಹಾರ್ನ್ ಅಂತಾರೆ. ನೋಡೋಕೆ ಚಿಗರಿಯಂಗೇ ಇದ್ರೂ ಬೇರೆ ಕುಲ. ಪ್ರತಿ ವರ್ಷ ಕೋಡಿನ ಮೇಲಿನ ಚಿಪ್ಪು ಕಳಚಿ ಬೀಳ್ತದೆ.

ಆ ಬಯಲಿನಲ್ಲಿ ಮರ ಇಲ್ಲ, ಮರೆ ಇಲ್ಲ. ಪ್ರಾಣಿ ಗಂಟೆಗೆ 80 ಕಿ.ಮೀ. ಮೀರಿ ಓಡ್ತದೆ, ಬಹಳ ದೂರದ ಅಲುಗಾಟವೂ ಕಣ್ಣಿಗೆ ಬೀಳ್ತದೆ. ಬಿಲ್ಲಿಗಾದರೆ ಮೂವತ್ತು ನಲವತ್ತು ಗಜದೊಳಗೆ ಸಿಗಬೇಕು. ಬಂದೂಕು ಇಲ್ಲದ ಕಾಲದಲ್ಲಿ ಹೆಂಗೆ ಹೊಡೀತಿದ್ರು? ಅದರ ಎರಡು ಗುಣ ಹಿಡಿದು. ಒಂದು, ವಿಚಿತ್ರ ಏನಾದರೂ ಕಂಡರೆ ಹತ್ತಿರ ಬಂದು ನೋಡೋ ಚಟ. ಇನ್ನೊಂದು, ಅಷ್ಟು ಓಡಿದರೂ ಅದು ಹಾರಲ್ಲ. ಹಾರಬಲ್ಲದು, ಆದರೆ ರೂಢಿಯಿಲ್ಲ. ಬಟಾಬಯಲಿನಲ್ಲಿ ಹಾರೋಕೆ ಏನಿತ್ತು?

ಶೋಶೋನಿ ಜನ ಇದನ್ನು ಚೆನ್ನಾಗಿ ಅರಿತಿದ್ದರು. ಸೇಜ್ ಅನ್ನೋ ಕುರುಚಲು ಗಿಡ ಕಿತ್ತು ದೊಡ್ಡ ದೊಡ್ಡಿ ಕಟ್ಟಿ, ಬಾಯಿಂದ ಎರಡು ಕಡೆ ಉದ್ದಕ್ಕೆ ರೆಕ್ಕೆಯಂಗೆ ಬೇಲಿ ಬಿಡೋರು. ಊರೆಲ್ಲ ಸೇರಿ ಹಿಂಡನ್ನು ಮೆಲ್ಲಗೆ ಒಳಗೆ ತಳ್ಳಿ, ಸುತ್ತಿ ಸುತ್ತಿ ದಣಿದ ಮೇಲೆ ಬಾಣ ಬಿಡೋರು. ಒಮ್ಮೆ ಹಿಡಿದ ಜಾಗದಲ್ಲಿ ಹಿಂಡು ಮತ್ತೆ ಬೆಳೆಯೋಕೆ ಹಲವು ವರ್ಷ ಕಾಯಬೇಕಿತ್ತು.

1804ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಈ ಪ್ರಾಣಿಯ ವಿವರ ಬರೆದುಕೊಂಡಿತು. ಆಮೇಲೆ ಬಂದ ಬಿಳಿಯರು ಬಿಳಿ ಬಟ್ಟೆ ಬೀಸಿ ಹತ್ತಿರ ಕರೆದು ಗುಂಡು ಹೊಡೆದರು. 1874ರಲ್ಲಿ ಇಲಿನಾಯ್‌ನ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಆತನೂ ರೈತನೇ, ನಮ್ಮವನೇ ಅನ್ನಿ! ಶೋಶೋನಿಗಳ ದೊಡ್ಡಿ ಕೆಲವು ದಿನದ್ದು, ಈ ತಂತಿ ವರ್ಷಪೂರ್ತಿ. ಬಂದೂಕು, ಬೇಲಿ, ದನ ಎಲ್ಲ ಸೇರಿ ಕೋಟಿಗಟ್ಟಲೆ ಇತ್ತೆನ್ನೋ ಪ್ರಾಣಿ 1920ರ ದಶಕದಲ್ಲಿ ಎಣಿಸಿದಾಗ 30,000ದ ಆಸುಪಾಸಿಗೆ ಇಳಿದಿತ್ತು. ಬೇಟೆ ನಿಲ್ಲಿಸಿ ಕಾಪಾಡಿದ ಮೇಲೆ ಮತ್ತೆ ಲಕ್ಷಗಟ್ಟಲೆ ಆಯಿತು.

ಈಗ ಅಲ್ಲಿ ಪರವಾನಗಿ ತಗೊಂಡು ಬಿಲ್ಲುಬೇಟೆ ಆಡ್ತಾರೆ. (ನಮ್ಮಲ್ಲಿ 1972ರ ಕಾಯ್ದೆ ಇದೆ, ಚಿಗರಿ ಮುಟ್ಟಿದರೆ ಜೈಲು. ಯಾರೂ ಆಸೆ ಪಡಬ್ಯಾಡ್ರಿ.) ಗಾಳಿಯಂತ್ರದ ನೀರಿನ ತೊಟ್ಟಿ ಹತ್ತಿರ ಸಣ್ಣ ಡೇರೆಯೊಳಗೆ ಬಿಸಿಲಲ್ಲಿ ದಿನವಿಡೀ ಕಾಯ್ತಾರೆ. ಬೆದೆಯ ಕಾಲಕ್ಕೆ ಬೊಂಬೆ ನಿಲ್ಲಿಸ್ತಾರೆ, ಗಂಡು ಜಗಳಕ್ಕೆ ಓಡಿ ಬರ್ತದೆ. ಬೇಲಿ ಕೆಳಗೆ ಅದು ನುಸುಳೋ ಜಾಗದಲ್ಲೂ ಕೂರ್ತಾರೆ.

ನುಸುಳೋಕೂ ಸಂದಿ ಬೇಕಲ್ಲ. 1983ರಲ್ಲಿ ವಯೋಮಿಂಗ್‌ನ ರೆಡ್ ರಿಮ್ ಅನ್ನೋ ಕಡೆ ಒಬ್ಬ ಜಮೀನ್ದಾರ 28 ಮೈಲಿ ಹೆಣೆದ ತಂತಿಯ ಬೇಲಿ ಹಾಕಿಸಿದ. ಕಂಬ ಸ್ವಂತ ಜಮೀನಿನಲ್ಲೇ, ಆದರೆ ಒಳಗೆ ಸಿಕ್ಕಿದ್ದರಲ್ಲಿ ಸರ್ಕಾರಿ ಹುಲ್ಲುಗಾವಲೂ ಇತ್ತು. ಚಳಿಗಾಲದ ಮೇವು ಒಳಗೆ, ಹಿಂಡು ಹೊರಗೆ ಹಿಮದಲ್ಲಿ. ಬೇಲಿಗುಂಟ ಸತ್ತು ಬಿದ್ದವು. 1885ರ ಹಳೇ ಕಾಯ್ದೆ ಹಿಡಿದು ಕೇಸು ನಡೆದು, ಬೇಲಿ ಸಡಿಲಿಸಬೇಕು ಅನ್ನೋ ಆದೇಶವನ್ನು 1988ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು.

ಓದಿದ ರಾತ್ರಿ ನಿದ್ದೆ ಬರಲಿಲ್ಲ. ತಂತಿ ಎಳೆಸುವಾಗ ನಾನೂ ನನ್ನ ಜೋಳ ಒಂದನ್ನೇ ನೋಡಿದ್ದೆ. ಅಲ್ಲೀಗ ಕೆಳಗಿನ ಎಳೆಗೆ ಮುಳ್ಳಿಲ್ಲದ ತಂತಿ ಹಾಕಿ, ನೆಲದಿಂದ 16 ಇಂಚು ಬಿಡಿ ಅಂತ ರೈತರಿಗೆ ಹೇಳ್ತಾರಂತೆ.